ಕಡಲ ತಡೆಗೋಡೆಯಲ್ಲಿ ಜೀವಿಗಳಿಗೆ ನೆಲೆ ಮಾಡಿಕೊಡಬಹುದೇ?

ಕಡಲ್ಕೊರೆತ ತಡೆಯಲು ಕಟ್ಟಿದ ಗೋಡೆಯಲ್ಲಿ ಸಿಂಪಿ, ಏಡಿ, ಮೀನುಗಳಿಗೂ ಜಾಗ ಮಾಡಿಕೊಡಲು ಸಾಧ್ಯವೇ, ಅಥವಾ ಅದೆಲ್ಲ ಬರೀ ಪ್ರಚಾರವೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ನಾನು ಉಡುಪಿ ಕಡೆಯವನು, ಈಗ ಸಿಡ್ನಿಯಲ್ಲಿದ್ದೇನೆ. ಇಲ್ಲಿನ ಬಂದರಿನ ದಡದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮನುಷ್ಯ ಕಟ್ಟಿದ್ದೇ ಆಗಿರುವುದರಿಂದ ಈ ಪ್ರಶ್ನೆ ಇಲ್ಲಿ ಬಹಳ ಹಳೆಯದು.

ಬಂಡೆಗಳ ದಡ ಇಳಿಜಾರಾಗಿರುತ್ತದೆ. ಅದರಲ್ಲಿ ಬಿರುಕು, ಪೊಟರೆ, ನೀರು ನಿಲ್ಲುವ ಗುಂಡಿಗಳಿರುತ್ತವೆ. ನೆಟ್ಟಗೆ ನಿಂತ ನುಣುಪು ಗೋಡೆಯಲ್ಲಿ ಇವು ಯಾವುವೂ ಇಲ್ಲ. ಇಳಿತವಾದೊಡನೆ ನೀರೆಲ್ಲ ಜಾರಿಹೋಗುತ್ತದೆ. ಮುಂದಿನ ಉಬ್ಬರದವರೆಗೆ ಬಿಸಿಲಲ್ಲಿ ಕಾಯುವ ಆ ಮೈಮೇಲೆ ಗಟ್ಟಿ ಚಿಪ್ಪಿನ ಕೆಲವು ಜಾತಿಗಳು ಮಾತ್ರ ಬದುಕುತ್ತವೆ. ಆದ್ದರಿಂದ ಮಾಡಬೇಕಾದದ್ದು ಮುಖ್ಯವಾಗಿ ಎರಡು: ನೀರು ನಿಲ್ಲಿಸುವುದು, ನೆರಳು ಕೊಡುವುದು.

ಸಿಡ್ನಿ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸೈನ್ಸ್‌ನ 'ಲಿವಿಂಗ್ ಸೀವಾಲ್ಸ್' ಯೋಜನೆ 2018ರಲ್ಲಿ ಇದನ್ನೇ ಮಾಡಿತು. ಹಳೆಯ ಗೋಡೆಗಳ ಮೇಲೆ ಆರು ಮೂಲೆಯ ಕಾಂಕ್ರೀಟ್ ಫಲಕಗಳನ್ನು ಕೂರಿಸಿದರು. ತ್ರೀಡಿ ಮುದ್ರಣದ ಅಚ್ಚಿನಿಂದ ಮಾಡಿದ ಈ ಫಲಕಗಳಲ್ಲಿ ಕೆಲವು ಬಂಡೆಯ ಗುಂಡಿಯಂತೆ, ಕೆಲವು ಬಿರುಕಿನಂತೆ, ಇನ್ನು ಕೆಲವು ಕಾಂಡ್ಲಾ (ಮ್ಯಾಂಗ್ರೋವ್) ಬೇರಿನಂತೆ ಇವೆ. ಇಳಿತದ ಹೊತ್ತಿನಲ್ಲಿ ಹೋಗಿ ನೋಡಿದರೆ ಅಂಚಿನ ನೆರಳಲ್ಲಿ ಸಿಂಪಿ, ಬಸವನಹುಳು, ಪಾಚಿ ಕಾಣುತ್ತವೆ. ಸಿಂಪಿ ನೆಲೆಯೂರಿದರೆ ಅದು ನೀರನ್ನು ಸೋಸುತ್ತದೆ, ಅದರ ಚಿಪ್ಪಿನ ಸಂದಿಗಳಲ್ಲಿ ಇನ್ನಷ್ಟು ಸಣ್ಣ ಜೀವಿಗಳು ಸೇರುತ್ತವೆ.

ಹೊಸ ಫಲಕವೇ ಬೇಕೆಂದೇನೂ ಇಲ್ಲ. ವೇಲ್ಸ್‌ನ ಟೈವಿನ್‌ನಲ್ಲಿ ಅಲೆತಡೆಯ ಗ್ರಾನೈಟ್ ಬಂಡೆಗಳಲ್ಲಿ 15 ಸೆಂಟಿಮೀಟರ್ ಅಗಲದ ಗುಂಡಿಗಳನ್ನು ಕೊರೆದರು. ಸುತ್ತಲಿನ ಬಂಡೆಗಿಂತ ಆ ಗುಂಡಿಗಳಲ್ಲಿ ಹೆಚ್ಚು ಜಾತಿಗಳು ಸೇರಿಕೊಂಡವು. ನಮ್ಮ ಕರಾವಳಿಗೆ ಈ ದಾರಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಸುರಿದಿರುವುದೂ ಬಂಡೆಗಳನ್ನೇ. ಸಿಡ್ನಿಯ ಫಲಕಗಳಿರುವುದು ಬಂದರಿನೊಳಗಿನ ಶಾಂತ ನೀರಿನಲ್ಲಿ. ಮಳೆಗಾಲದ ನಮ್ಮ ತೆರೆಗಳೆದುರು ಅಂಟಿಸಿದ್ದು ಉಳಿಯುವುದು ಕಷ್ಟ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ತೋರಿಸಿ ಮರಳ ದಂಡೆಯ ಮೇಲೆ ಹೊಸ ಗೋಡೆ ಕಟ್ಟುವುದನ್ನು ಒಪ್ಪಬೇಡಿ. ಗೋಡೆಯಲ್ಲಿ ಎಷ್ಟು ಗುಂಡಿ ಕೊರೆದರೂ ಬರುವುದು ಬಂಡೆಯ ಜೀವಿಗಳು. ಮೊಟ್ಟೆಯಿಡಲು ಬರುವ ಕಡಲಾಮೆಗೆ ಬೇಕಾದದ್ದು ಮರಳು, ಅದನ್ನು ಯಾವ ಗುಂಡಿಯೂ ಕೊಡಲಾರದು. ಈಗಾಗಲೇ ಇರುವ, ಕೀಳಲಾಗದ ಗೋಡೆಗಳಿಗೆ ಮಾತ್ರ ಈ ಉಪಾಯ.

ನಿಮ್ಮ ಊರಿನಲ್ಲಿ ಅಂಥ ಗೋಡೆಯಿದ್ದರೆ ದೊಡ್ಡ ಇಳಿತದ ದಿನ ಹೋಗಿ ಪಚ್ಚಿಲೆ, ಸಿಂಪಿ ಯಾವ ಮಟ್ಟದಲ್ಲಿ ಅಂಟಿವೆ ಎಂದು ಗುರುತು ಮಾಡಿಕೊಳ್ಳಿ. ಗುಂಡಿ ಕೊರೆಯಬೇಕಾದದ್ದು ಆ ಮಟ್ಟದಲ್ಲಿ. ಅದಕ್ಕಿಂತ ತೀರಾ ಮೇಲಾದರೆ ನೀರು ಬತ್ತುತ್ತದೆ, ತೀರಾ ಕೆಳಗಾದರೆ ಮರಳು ತುಂಬಿಕೊಳ್ಳುತ್ತದೆ.