ಚೌಕಿ ಬಾಗಿಲು: ಮಗ ಶನಿವಾರ ರಾತ್ರಿ ಸೀರೆ ಉಟ್ಟರೆ

ಚೌಕಿ ಅಂದರೆ ಯಕ್ಷಗಾನದವರು ವೇಷ ಕಟ್ಟುವ ಕೋಣೆ. ಅದರ ಹೆಸರಿನ ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚಾಗಿ ತಾಳದ ಬಗ್ಗೆ, ಪ್ರಸಂಗದ ಬಗ್ಗೆ, ಊರಿನ ಮೇಳ ಮುಂಬೈಗೆ ಯಾವಾಗ ಬರುತ್ತದೆ ಅನ್ನುವುದರ ಬಗ್ಗೆ. ಕಳೆದ ಸಲ ಸುಮ್ನೆ ಒಂದು ಸಾಲು ಬರೆದಿದ್ದೆ: 1979ರಿಂದ 2016ರವರೆಗೆ ಮುಂಬೈಯ ಹವ್ಯಾಸಿ ಯಕ್ಷಗಾನ ತಂಡಗಳಲ್ಲಿ ಸ್ತ್ರೀವೇಷ ಮಾಡಿದವನು ನಾನು ಅಂತ. ಅಷ್ಟಕ್ಕೇ ಪತ್ರಗಳ ಧಾಟಿ ಬದಲಾಯಿತು. ತಾಳ ಕೇಳಿದವರು ಈ ಸಲ ಕ್ಷಮಿಸಬೇಕು.

ಪ್ರಶ್ನೆ: ಗಂಡ ಸೀರೆ ಉಟ್ಟು ಕುಣಿದರೆ ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲವಾ? (ಥಾಣೆಯ ಓದುಗರು)

ಅಂದಳು. "ನನ್ನ ಸೀರೆಗೆ ಬಣ್ಣ ಮೆತ್ತಬೇಡಿ" ಅಂದಳು. ಅವಳನ್ನು ನೋಡಲು ಊರಿಗೆ ಹೋದಾಗ ನನಗೆ ಮೀಸೆ ಇರಲಿಲ್ಲ. ಹಿಂದಿನ ವಾರವಷ್ಟೇ ಸುಭದ್ರೆ ಮಾಡಿದ್ದೆ. ಅವಳ ಅಜ್ಜಿ ನನ್ನ ಮುಖ ನೋಡಿ, "ಅಯ್ಯೋ, ಮನೆಯಲ್ಲಿ ಯಾರು ತೀರಿಕೊಂಡರು ಮಗಾ?" ಅಂತ ಕೇಳಿದರು. ಮೀಸೆ ಬೋಳಿಸಿದ್ದು ವೇಷಕ್ಕೆ ಅಂತ ಹೇಳಿದ ಮೇಲೆ ಒಂದು ನಿಮಿಷ ಯಾರೂ ಕಾಫಿ ಕುಡಿಯಲಿಲ್ಲ. ಆದರೂ ಮದುವೆ ಆಯಿತು.

ಪ್ರಶ್ನೆ: ಅಣ್ಣಾ, ನಮ್ಮ ಮಗನಿಗೆ ಇಪ್ಪತ್ತನಾಲ್ಕು. ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ರಾತ್ರಿ ಅಂಧೇರಿಯ ಕ್ಲಬ್ಬಿನಲ್ಲಿ ವಿಗ್ ಹಾಕಿ, ಸೀರೆ ಉಟ್ಟು ಕುಣಿಯುತ್ತಾನೆ. ಕೇಳಿದರೆ "ಅದು ಡ್ರ್ಯಾಗ್ ಅಮ್ಮ, ಕಲೆ" ಅನ್ನುತ್ತಾನೆ. ಅವನ ಅಪ್ಪ ಮಾತು ಬಿಟ್ಟು ಎರಡು ತಿಂಗಳಾಯಿತು. ನಿಮ್ಮ ದಾಕ್ಷಾಯಿಣಿ ನೋಡಿ ಕಣ್ಣೊರೆಸಿಕೊಂಡವರು ಇದೇ ಅಪ್ಪ! ಅದೂ ಇದೂ ಒಂದೇನಾ? ನಾನೇನು ಮಾಡಲಿ? (ಮುಲುಂಡಿನ ಒಬ್ಬ ತಾಯಿ)

ತಂಗೀ, ಒಂದೇ ಅಲ್ಲ. ಆದರೆ ನೆಂಟಸ್ತಿಕೆ ಇದೆ. ಇದನ್ನು ನಾನು ಕೇಳಿದ್ದಲ್ಲ, ನೋಡಿ ಬಂದು ಹೇಳುತ್ತಿದ್ದೇನೆ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲೇ ಇಂಥ ಒಬ್ಬ ಹುಡುಗ ಇದ್ದಾನೆ. ಎರಡು ವರ್ಷದ ಹಿಂದೆ ಒಂದು ಸಂಜೆ ಬಾಗಿಲು ತಟ್ಟಿ, "ಅಂಕಲ್, ನಿಮ್ಮ ಹತ್ರ ಹಳೇ ಡಾಬು ಇದೆಯಂತೆ, ಒಂದು ಶೋಗೆ ಕೊಡ್ತೀರಾ?" ಅಂದ. ಎಂಥ ಶೋ ಅಂತ ಕೇಳಿದೆ. ಹೇಳಿದ. ಡಾಬು ಕೊಡುವುದಾದರೆ ಅದು ಯಾರ ಸೊಂಟಕ್ಕೆ ಹೋಗುತ್ತದೆ ನೋಡಬೇಕು ಅಂತ ನಾನೂ ಹೊರಟೆ. ಅರವತ್ತು ದಾಟಿದ ಮುದುಕ, ಕ್ಲಬ್ಬಿನ ಮೂಲೆಯಲ್ಲಿ ನಿಂಬೂ ಸೋಡಾ ಹಿಡಿದು ಕೂತಿದ್ದೆ. ಚೆಂಡೆಯ ಪಕ್ಕ ಮೂವತ್ತೇಳು ವರ್ಷ ನಿಂತ ಕಿವಿಗೂ ಆ ಸ್ಪೀಕರ್ ಜಾಸ್ತಿ ಆಯಿತು.

ಹುಡುಗ ಬಂದ. ಹಾಡು ಅವನದಲ್ಲ. ಹಳೇ ಹಿಂದಿ ಹಾಡಿಗೆ ತುಟಿ ಆಡಿಸುತ್ತಾನೆ, ಲಿಪ್‌ಸಿಂಕ್ ಅನ್ನುತ್ತಾರೆ. ಮೊದಲು "ಇದೆಂಥ ಮೋಸ" ಅನಿಸಿತು. ಆಮೇಲೆ ನಗು ಬಂತು. ನಮ್ಮಲ್ಲೂ ಹಾಡುವವರು ಭಾಗವತರು, ಕುಣಿಯುವವರು ನಾವು, ಅಲ್ವಾ? ಪದ, ಅಂದರೆ ಹಾಡು, ಮುಗಿದ ಮೇಲಿನ ಅರ್ಥಗಾರಿಕೆಯ ಮಾತು ಮಾತ್ರ ನಮ್ಮದು, ಬರೆದುಕೊಟ್ಟದ್ದಲ್ಲ, ಅಲ್ಲೇ ಹುಟ್ಟಿಸಬೇಕು. ಅವನೂ ಹಾಡುಗಳ ಮಧ್ಯೆ ಮೈಕ್ ಹಿಡಿದು ಮುಂದಿನ ಸಾಲಿನವರನ್ನು ಕಾಲೆಳೆಯುತ್ತಾ ಮಾತು ಹುಟ್ಟಿಸುತ್ತಿದ್ದ. ಕೈ ಚೆನ್ನಾಗಿತ್ತು. ನಡಿಗೆ ಕೆಟ್ಟದಾಗಿತ್ತು. ಗಂಡಸು ಹೆಣ್ಣಾಗುವಾಗ ಸೊಂಟ ಕುಲುಕಿಸುತ್ತಾನೆ, ಹೆಜ್ಜೆ ಮಾತ್ರ ಅಗಲವೇ ಉಳಿಯುತ್ತದೆ. ನನಗೂ ಮೊದಲ ಮೂರು ವರ್ಷ ಅದೇ ಬೈಗುಳ.

ಕೊನೆಯ ಹಾಡಿನಲ್ಲಿ ಅವನು ವಿಗ್ ಕಿತ್ತು ಎಸೆದ. ಬೋಳಿಸಿದ ತಲೆ, ಬೆವರು, ಅದರ ಕೆಳಗೆ ಆ ದೊಡ್ಡ ಕಣ್ಣು. ಜನ ಎದ್ದು ನಿಂತು ಕೂಗಿದರು. ನನಗೆ ಎದೆ ಧಸಕ್ಕೆಂದಿತು. ನಮ್ಮಲ್ಲಿ ರಂಗದ ಮೇಲೆ ಚೌರಿ ಜಾರಿದರೆ ಮಾನ ಹೋದಂತೆ. 1986ರಲ್ಲಿ ಒಮ್ಮೆ ನನ್ನ ಜಡೆ ಬಿಚ್ಚಿ ಬಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಪದ ಮುಗಿಸಿದೆ. ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ. ನಾವು ಕೆಳಗಿರುವ ಗಂಡಸನ್ನು ಅಳಿಸಿ ಹಾಕಲು ಒದ್ದಾಡುತ್ತೇವೆ. ಈ ಹುಡುಗ ಮಾತ್ರ ಗಂಡೂ ನಾನೇ, ಹೆಣ್ಣೂ ನಾನೇ, ಎರಡನ್ನೂ ನಿಮ್ಮ ಕಣ್ಣೆದುರೇ ಮಾಡಿದೆ ನೋಡಿ ಅನ್ನುತ್ತಾನೆ. ಎಲ್ಲ ಡ್ರ್ಯಾಗ್ ಕಲಾವಿದರೂ ವಿಗ್ ಎಸೆಯುವುದಿಲ್ಲವಂತೆ. ಆದರೆ ವೇಷವನ್ನು ವೇಷ ಅಂತಲೇ ತೋರಿಸುವ ಆ ಗತ್ತು ಹೆಚ್ಚಿನವರಲ್ಲಿ ಇದೆ.

ಇನ್ನೊಂದು ವ್ಯತ್ಯಾಸ ನಿಮ್ಮ ಯಜಮಾನರಿಗೆ ಹೇಳಿ. ನಮಗೆ "ದೇವರ ಸೇವೆ" ಅನ್ನುವ ಕೊಡೆ ಇತ್ತು. ಮಳೆ ಬಂದರೆ ಅದರಡಿ ನಿಲ್ಲುತ್ತಿದ್ದೆವು. ಈ ಮಕ್ಕಳಿಗೆ ಆ ಕೊಡೆ ಇಲ್ಲ. ಇಷ್ಟಾದರೂ ನಾವು ಪೂರ್ತಿ ನೆನೆಯದೆ ಉಳಿಯಲಿಲ್ಲ. ಆಗ ನಾನು ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿದ್ದೆ. ರಾತ್ರಿ ವೇಷ, ಬೆಳಿಗ್ಗೆ ಆರಕ್ಕೆ ಡ್ಯೂಟಿ. ಎಷ್ಟು ತಿಕ್ಕಿದರೂ ಕಣ್ಣಿನ ಕಾಡಿಗೆ ಒಂದು ಗೆರೆ ಉಳಿಯುತ್ತಿತ್ತು. ಇಡ್ಲಿ ತಿನ್ನಲು ಬರುವವರು "ಏನಮ್ಮಾ, ಚಿಲ್ಲರೆ ಕೊಡು" ಅನ್ನುತ್ತಿದ್ದರು. ಧನಿಗಳು ನಗುತ್ತಿದ್ದರು. ಅವರೇ ಗಣೇಶೋತ್ಸವದಲ್ಲಿ ನನ್ನ ಕೈಗೆ ನೂರರ ನೋಟು ಹಿಡಿಸಿ "ಸಾಕ್ಷಾತ್ ದೇವಿ" ಅಂದವರು. ಎರಡೂ ಒಂದೇ ಬಾಯಿ.

ನೀವು ಕೇಳದೆ ಬಿಟ್ಟ ಪ್ರಶ್ನೆಯೂ ಪತ್ರದಲ್ಲಿ ಕಾಣುತ್ತದೆ: ಮಗ "ಹಾಗಾ?" ಅಂತ. ವೇಷದಿಂದ ಅದು ಗೊತ್ತಾಗುವುದಿಲ್ಲ ತಂಗೀ. ಡ್ರ್ಯಾಗ್ ಮಾಡುವವರಲ್ಲಿ ಗೇ ಹುಡುಗರು ಜಾಸ್ತಿ, ನಿಜ. ತಾವು ಹೆಣ್ಣೇ ಅಂತ ಆಮೇಲೆ ಹೇಳಿಕೊಂಡವರಿದ್ದಾರೆ, ಎರಡೂ ಅಲ್ಲದವರೂ ಇದ್ದಾರೆ. ಅದು ಅವನು ಹೇಳಬೇಕಾದ್ದು, ನಾವು ಊಹಿಸಬೇಕಾದ್ದಲ್ಲ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟ ಮೇಲೆ ಇಬ್ಬರು ವಯಸ್ಕರು ಒಪ್ಪಿ ಪ್ರೀತಿಸಿದರೆ ಅಪರಾಧ ಅಲ್ಲ. ನಮ್ಮ ಚೌಕಿಯಲ್ಲೂ ವೇಷ ಕಳಚಿದ ಮೇಲೆ ಮನೆಗೆ ಹೊರಡಲು ಕಾಲೇ ಬಾರದವರು ಒಂದಿಬ್ಬರಿದ್ದರು. ನಾವು ಕೇಳಲಿಲ್ಲ. ಅವರು ಹೇಳಲಿಲ್ಲ. ಒಬ್ಬ ಊರಿಗೆ ಹೋಗಿ ಮದುವೆಯಾದ, ಮತ್ತೆ ಬಣ್ಣ ಹಚ್ಚಲಿಲ್ಲ. ಅವನಷ್ಟು ಚೆಂದದ ಚಂದ್ರಮತಿ ನಾನು ನೋಡಿಲ್ಲ.

ಹೊಟ್ಟೆಪಾಡಿನ ಮಾತು. ನನ್ನ ಮೊದಲ ಸಂಭಾವನೆ ಹದಿನೈದು ರೂಪಾಯಿ. ಆ ಹುಡುಗನಿಗೂ ಶೋಗೆ ಬರುವ ದುಡ್ಡು ವಿಗ್, ಹೀಲ್ಸ್ ಚಪ್ಪಲಿ, ಟ್ಯಾಕ್ಸಿಗೇ ಮುಗಿಯುತ್ತದಂತೆ. ವೇಷದಲ್ಲಿ ಲೋಕಲ್ ಹತ್ತಲು ಧೈರ್ಯ ಇಲ್ಲ ಅಂತ ಟ್ಯಾಕ್ಸಿ. ಹೆಸರು ಮಾಡಿದವರೂ ಇದ್ದಾರೆ. ಇದೇ ಮುಂಬೈಯ ಸುಶಾಂತ್ ದಿವ್ಗೀಕರ್ 2018ರಲ್ಲಿ ಹಿಂದಿ ಸರೆಗಮಪ ವೇದಿಕೆಯಲ್ಲಿ ರಾಣಿ ಕೋಹೆನೂರ್ ಆಗಿ ಗಂಡು ದನಿ, ಹೆಣ್ಣು ದನಿ ಎರಡರಲ್ಲೂ ಹಾಡಿದ್ದನ್ನು ದೇಶವೇ ನೋಡಿತು. ಬೆಂಗಳೂರಿನಲ್ಲಿ ಅಲೆಕ್ಸ್ ಮ್ಯಾಥ್ಯೂ, ಸೀರೆ ಉಟ್ಟ ಮಾಯಾ ಆಗಿ ವೇದಿಕೆ ಹತ್ತುತ್ತಾರೆ. ಆದರೆ ನಿಮ್ಮ ಮಗ ಐರೋಲಿಯ ಕೆಲಸ ಬಿಡುತ್ತೇನೆ ಅಂದರೆ ನನ್ನ ಹೆಸರು ಹೇಳಿ ಬೈಯಿರಿ. ನಾನೂ ಗಲ್ಲಾ ಬಿಟ್ಟವನಲ್ಲ.

ಏನು ಮಾಡಲಿ ಅಂದಿರಿ. ಒಂದು ಶನಿವಾರ ಹೋಗಿ ನೋಡಿ. ಅವನಿಗೆ ಹೇಳಿಯೇ ಹೋಗಿ, ಕದ್ದು ನೋಡಬೇಡಿ. ಮುಗಿದ ಮೇಲೆ "ಚೆನ್ನಾಗಿತ್ತು" ಅಂತ ಸುಳ್ಳು ಹೇಳುವುದೂ ಬೇಡ. ನಿಮ್ಮಷ್ಟು ವರ್ಷ ಸೀರೆ ಉಟ್ಟವರಿಗೆ ಅವನ ನೆರಿಗೆ ಎಲ್ಲಿ ಸೊಟ್ಟಗಿದೆ ಅಂತ ಕಂಡೇ ಕಾಣುತ್ತದೆ. ಅದನ್ನು ಹೇಳಿ. ಯಜಮಾನರನ್ನು ಭಾನುವಾರ ನಮ್ಮ ಮನೆಗೆ ಕಳಿಸಿ, ಗೋಳಿಬಜೆ ಮಾಡಿಸುತ್ತೇನೆ.

ಪ್ರಶ್ನೆ: ಸರ್, ಗಂಡಸರು ಹೆಣ್ಣಿನ ಪಾತ್ರ ಮಾಡುವುದು ಮುಂಬೈ, ಪುಣೆಯಲ್ಲಿ ಹೊಸದಾ? ನಮ್ಮ ಕಾಲೇಜಿನಲ್ಲಿ ಇದೊಂದು ವಾದ ಆಯಿತು. (ಧಾರವಾಡದ ವಿದ್ಯಾರ್ಥಿನಿ)

ಹೊಸದಾ! ಪುಣೆಯ ಬಾಲಗಂಧರ್ವ ರಂಗಮಂದಿರದ ಎದುರು ನಿಂತು ಇದನ್ನು ಕೇಳಿ ನೋಡು ಮಗಳೇ. ಊರಿನ ದೊಡ್ಡ ನಾಟಕಶಾಲೆಗೇ ಹೆಣ್ಣುಪಾತ್ರದಿಂದ ಹೆಸರಾದ ಗಂಡಸಿನ ಹೆಸರು. ಬಾಲಗಂಧರ್ವ ಅಂದರೆ ಮರಾಠಿ ರಂಗಭೂಮಿಯ ನಾರಾಯಣ ಶ್ರೀಪಾದ ರಾಜಹಂಸ, 1888ರಿಂದ 1967. ಅವರು ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿಯನ್ನು ಪುಣೆ ಮುಂಬೈಯ ಹೆಂಗಸರು ಕಲಿಯುತ್ತಿದ್ದರು. ಮುಂಬೈಯ ಗುಜರಾತಿ ರಂಗಭೂಮಿಯಲ್ಲಿ ಜಯಶಂಕರ್ ಅನ್ನುವವರು "ಸುಂದರಿ" ಪಾತ್ರ ಮಾಡಿ, ಆ ಹೆಸರೇ ಜೀವನಪೂರ್ತಿ ಅಂಟಿಕೊಂಡಿತು.

ನಿಮ್ಮ ವಾದಕ್ಕೆ ಒಂದು ಬಲ ಕೊಡುತ್ತೇನೆ. ಇದರಲ್ಲಿ ನಮ್ಮವರ ಕೈ ಇದೆ. ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಯಲ್ಲಿ ಆಡಿತ್ತು. ಅಲ್ಲಿನ ಅರಸರು ಅದನ್ನು ನೋಡಿ, ಮರಾಠಿಯಲ್ಲೂ ಇಂಥದ್ದು ಬೇಕು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾ ಸ್ವಯಂವರ ಆಯಿತು. ಮರಾಠಿ ನಾಟಕದ ಲೆಕ್ಕ ಅಲ್ಲಿಂದಲೇ ಶುರು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬಾಲಗಂಧರ್ವರ ಕೊನೆಗಾಲದ ಸಂಗಾತಿ, ಅವರ ಶೈಲಿಯಲ್ಲೇ ಹಾಡುತ್ತಿದ್ದ ಗೋಹರ್‌ಬಾಯಿ ಕರ್ನಾಟಕಿ ಬೀಳಗಿಯ ಕಡೆಯವರು. ಗಂಡಸು ಹಾಡಿ ತೋರಿಸಿದ ಹೆಣ್ಣಿನ ದನಿ ತಿರುಗಿ ಒಬ್ಬ ಹೆಣ್ಣಿನ ಕೊರಳಿಗೆ ಬಂತು!

ನನಗೆ ಇವರೆಲ್ಲರಿಗಿಂತ ಹತ್ತಿರದವನು ಸಾಳುಂಕೆ. ಸಿನಿಮಾ ಮಾಡಲು ಹೊರಟ ದಾದಾಸಾಹೇಬ್ ಫಾಲ್ಕೆಯವರಿಗೆ ರಾಜಾ ಹರಿಶ್ಚಂದ್ರದ ತಾರಾಮತಿ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಕಣ್ಣಿಗೆ ಬಿದ್ದ. ಸಿನಿಮಾ 1913ರ ಮೇ 3ಕ್ಕೆ ಗಿರಗಾಂವ್‌ನ ಕಾರೊನೇಶನ್‌ನಲ್ಲಿ ಬಂತು. 1917ರ ಲಂಕಾ ದಹನದಲ್ಲಿ ಅವನು ರಾಮನೂ ಹೌದು, ಸೀತೆಯೂ ಹೌದು. ಅಂದರೆ ಈ ದೇಶದ ಸಿನಿಮಾದ ಮೊದಲ ನಾಯಕಿ ಹೋಟೆಲ್ ಮಾಣಿ. 1974ರಲ್ಲಿ ಹದಿನಾಲ್ಕು ವರ್ಷಕ್ಕೆ ಬಸ್ಸಿಳಿದು ಫೋರ್ಟಿನಲ್ಲಿ ಟೇಬಲ್ ಒರೆಸಿದ ನನಗೆ ಇದು ಗೊತ್ತಾದದ್ದು ರಾತ್ರಿಶಾಲೆಯ ಕನ್ನಡ ಮಾಸ್ತರರಿಂದ. ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಪ್ರಶ್ನೆ: ನಾನು ಪುಣೆಯ ಹವ್ಯಾಸಿ ತಂಡದಲ್ಲಿ ಸ್ತ್ರೀವೇಷ ಕಲಿಯುತ್ತಿದ್ದೇನೆ. ಗಡ್ಡದ ನೀಲಿ ನೆರಳು ಲೈಟಿಗೆ ಕಾಣುತ್ತದೆ. ಹುಬ್ಬು ದಪ್ಪ. ಉಪಾಯ ಹೇಳಿ.

ನಮ್ಮ ಕಾಲದಲ್ಲಿ ಬಿಳಿ ಸಫೇದಕ್ಕೆ ಹಳದಿ ಅರದಾಳ, ಕೆಂಪು ಇಂಗಳೀಕ ಸೇರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದೆವು. ಅದನ್ನು ಮಾಡಬೇಡ. ಅರದಾಳದಲ್ಲಿ ಇರುವುದು ಪಾಷಾಣ, ಇಂಗಳೀಕದಲ್ಲಿ ಪಾದರಸ. ನನ್ನ ಕೆನ್ನೆಯ ಕಲೆ ನೋಡಿದರೆ ನಂಬುತ್ತೀಯ. ಒಳ್ಳೆಯ ಪ್ಯಾನ್‌ಕೇಕ್ ಮೇಕಪ್ ತೆಗೆದುಕೋ.

ನೆರಳಿಗೆ ಮದ್ದು ಕಲಿಸಿದ್ದು ಅದೇ ಡಾಬಿನ ಹುಡುಗ. ಗಡ್ಡದ ಜಾಗಕ್ಕೆ ಮೊದಲು ತೆಳ್ಳಗೆ ಕಿತ್ತಳೆ ಬಣ್ಣದ ಕರೆಕ್ಟರ್. ನೀಲಿಯನ್ನು ಕಿತ್ತಳೆ ನುಂಗುತ್ತದೆ. ಅದರ ಮೇಲೆ ಪೌಡರ್ ಒತ್ತಿ, ಆಮೇಲೆ ಬಣ್ಣ. ಉಜ್ಜಬೇಡ, ತಟ್ಟು. ಹುಬ್ಬಿಗೆ ಶಾಲೆ ಮಕ್ಕಳ ಗ್ಲೂ ಸ್ಟಿಕ್! ಕೂದಲನ್ನು ಮೇಲಕ್ಕೆ ಬಾಚಿ ಅಂಟು ಮೆತ್ತಿ ಒಣಗಿಸು, ಇನ್ನೆರಡು ಸಲ ಮೆತ್ತು, ಪೌಡರ್ ಒತ್ತು. ಹುಬ್ಬು ಮಾಯ. ಮೇಲೆ ಬೇಕಾದ ಬಿಲ್ಲು ಬರೆ. ಮೂವತ್ತೇಳು ವರ್ಷ ಬ್ಲೇಡ್ ಹಿಡಿದು ಹುಬ್ಬು ಕೆರೆದುಕೊಂಡವನು ನಾನು. ಇದನ್ನು ನೋಡಿದಾಗ ಆದ ಹೊಟ್ಟೆಯುರಿ ಅಷ್ಟಿಷ್ಟಲ್ಲ. ತೆಗೆಯುವಾಗ ಮಾತ್ರ ಅವಸರ ಬೇಡ. ಅಂಟು ಬಿಸಿನೀರಿಗೆ ಮೆತ್ತಗಾಗುತ್ತದೆ, ಬಣ್ಣಕ್ಕೆ ಕೊಬ್ಬರಿ ಎಣ್ಣೆಯೇ ಸಾಕು.

ಸೌಮ್ಯ ಹೆಣ್ಣಿನ ಗರತಿ ವೇಷವೋ, ವೀರ ಹೆಣ್ಣಿನ ಕಸೆ ಸ್ತ್ರೀವೇಷವೋ ನೀನು ಬರೆದಿಲ್ಲ. ಪ್ರಮೀಳೆ, ಮೀನಾಕ್ಷಿಗೆ ಹುಬ್ಬು ತುಸು ಏರಲಿ. ಸುಭದ್ರೆಗೆ ಬೇಡ.

ಪ್ರಶ್ನೆ: ಮತ್ತೆ ಬಣ್ಣ ಹಚ್ಚುತ್ತೀರಾ? (ಭಾಂಡುಪಿನ ಹಳೇ ಪ್ರೇಕ್ಷಕರು)

ಮಂಡಿ ಒಪ್ಪುವುದಿಲ್ಲ. ಮೀಸೆಗೂ ಈಗ ಹೆಂಡತಿ ಒಗ್ಗಿಕೊಂಡಿದ್ದಾಳೆ. ಅದೂ ಅಲ್ಲದೆ ನನ್ನ ಡಾಬು ಇನ್ನೂ ವಾಪಸ್ ಬಂದಿಲ್ಲ. ಮೂರನೇ ಮಾಳಿಗೆಯ ಮಹಾರಾಯ, ಇದನ್ನು ಯಾರಾದರೂ ಓದಿ ಹೇಳಿದರೆ, ಈ ಭಾನುವಾರ ತಂದುಕೊಡು. ಗೋಳಿಬಜೆ ನಿನಗೂ ಇದೆ.