ಆ ಎರಡು ಸಂಜೆ ನಿಮಗೇ ಇರಲಿ

ಓದುಗರ ಪತ್ರ: "ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. 62ಕ್ಕೆ ನಿವೃತ್ತಿಯಾಯಿತು. ಈಗ ಬೆಳಿಗ್ಗೆ ಮೊಮ್ಮಗನನ್ನು ಸ್ಕೂಲಿಗೆ ಹೊರಡಿಸುತ್ತೇನೆ. ಅತ್ತೆಗೆ ಮರೆವಿನ ಕಾಯಿಲೆ, ಜೊತೆಗೆ ಯಾರಾದರೂ ಇರಲೇಬೇಕು. ವಾರಕ್ಕೆ ಎರಡು ಸಂಜೆ ಅಂಧ ಹುಡುಗಿಯರ ಹಾಸ್ಟೆಲಿಗೆ ಹೋಗಿ ಪಠ್ಯಪುಸ್ತಕ ಓದಿ ಹೇಳುತ್ತೇನೆ. ಮನೆಗೆ ಯಾರಾದರೂ ಬಂದರೆ ಮೊದಲು ತಪ್ಪುವುದು ಇದೇ. 'ಸಂಬಳ ಇಲ್ಲದ ಕೆಲಸ ತಾನೇ, ನಾಳೆ ಹೋದರಾಯ್ತು' ಅನ್ನುತ್ತಾರೆ. ನೆಂಟರು, 'ಪಿಎಚ್.ಡಿ. ಮಾಡಿ ಟಿಫಿನ್ ಡಬ್ಬಿ ತುಂಬ್ತಿದ್ದೀಯಲ್ಲ, ಅತಿಥಿ ಉಪನ್ಯಾಸಕಿಯಾಗಿ ಸೇರ್ಕೋ' ಅನ್ನುತ್ತಾರೆ. ಪರೀಕ್ಷೆಯಲ್ಲಿ ಆ ಹುಡುಗಿಯರ ಉತ್ತರ ಬರೆದುಕೊಡೋಣ ಎಂದು ಹೋದರೆ ನನ್ನನ್ನು ಒಪ್ಪಲಿಲ್ಲ. ನನ್ನ ಓದು ಯಾವುದಕ್ಕೆ ಬಂತು, ಸಂಪಾದಕರೇ?"
— ಮೈಸೂರಿನ ಓದುಗರು

ಪ್ರಿಯ ಮೇಡಂ,

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ವಿಷಯ ಬರೆದಿದ್ದೀರಿ. ಜಾಗ ಸಾಲದೆ ಅದನ್ನು ಮೇಲೆ ಅಚ್ಚು ಹಾಕಲು ಆಗಲಿಲ್ಲ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ವಿಜಯನಗರದ ಪಾಠ ಬಂದಾಗ ಹುಡುಗಿಯೊಬ್ಬಳು ರಾಯಚೂರು ದೋಆಬ್ ಅಂದರೆ ಎಲ್ಲಿ ಎಂದು ಕೇಳಿದಳಂತೆ. ಪುಸ್ತಕದಲ್ಲಿ ಭೂಪಟ ಇದೆ, ಅವಳಿಗೆ ಕಾಣುವುದಿಲ್ಲ. ನೀವು ಅವಳ ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ, ಬೆರಳುಗಳು ಎಡಕ್ಕೆ ಬರುವಂತೆ ಇಡಿಸಿದಿರಿ. ತೋರುಬೆರಳು ಕೃಷ್ಣಾ. ಅಗಲಿಸಿಟ್ಟ ಹೆಬ್ಬೆರಳು ತುಂಗಭದ್ರಾ. ಎರಡೂ ಕೂಡುವ ಬಲಗಡೆಯ ಸಂದು ನದಿಗಳ ಸಂಗಮ. ನಡುವಿನ ಖಾಲಿ ಜಾಗವೇ ದೋಆಬ್. ಹೆಬ್ಬೆರಳಿನಿಂದ ಈಚೆಗೆ, ಅವಳ ಮೈ ಕಡೆಗೆ ಹಂಪಿ. ತೋರುಬೆರಳಿನಿಂದ ಆಚೆಗೆ ಬಹಮನಿಗಳು. ಆ ನಡುವಿನ ನೆಲಕ್ಕಾಗಿ ತಲೆಮಾರುಗಟ್ಟಲೆ ಯಾಕೆ ಕಾದಾಡಿದರು ಅನ್ನುವುದನ್ನು ಆಮೇಲೆ ಅವಳೇ ನಿಮಗೆ ವಿವರಿಸಿದಳು ಎಂದು ಬರೆದಿದ್ದೀರಿ.

ನಿಮ್ಮ ಓದು ಯಾವುದಕ್ಕೆ ಬಂತು ಅಂದರೆ, ಇದಕ್ಕೆ ಬಂತು ಮೇಡಂ. ಸುಮ್ನೆ ಪುಟ ನೋಡಿ ಓದುವುದು ಅಕ್ಷರ ಬಲ್ಲ ಯಾರಿಗಾದರೂ ಆಗುತ್ತದೆ. ನದಿ ಎರಡನ್ನು ಬೆರಳಿಗೆ ತರಲು ಆ ಪಾಠ ರಕ್ತಗತ ಆಗಿರಬೇಕು.

ಅತಿಥಿ ಉಪನ್ಯಾಸಕರ ಕೆಲಸ ಬೇಡ ಅಂದಿರಲ್ಲ, ಒಳ್ಳೆಯದೇ ಮಾಡಿದಿರಿ. ನೆಟ್, ಸ್ಲೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿ, ಪಿಎಚ್.ಡಿ. ಮುಗಿಸಿ, ವರ್ಷ ವರ್ಷವೂ ಅದೇ ಕೆಲಸಕ್ಕೆ ಅರ್ಜಿ ಹಾಕಿ ಕಾಯುವ ಎಷ್ಟು ಮಕ್ಕಳಿದ್ದಾರೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಲ್ಲಿ ನಿಮ್ಮ ಶಿಷ್ಯರೂ ಇರಬಹುದು. ಪಿಂಚಣಿ ಬರುತ್ತಿರುವವರು ಆ ಕುರ್ಚಿ ಬಿಟ್ಟುಕೊಟ್ಟರೆ ಅದೂ ಒಂದು ಸಹಾಯವೇ.

ಇನ್ನು ಪರೀಕ್ಷೆಯ ವಿಚಾರ. ನಿಮ್ಮನ್ನು ಒಪ್ಪದಿದ್ದದ್ದು ವಯಸ್ಸಿಗಲ್ಲ, ಓದು ಹೆಚ್ಚಾದದ್ದಕ್ಕೆ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ, ಅಭ್ಯರ್ಥಿ ತಾನೇ ಲಿಪಿಕಾರರನ್ನು, ಅಂದರೆ ಉತ್ತರ ಬರೆದುಕೊಡುವವರನ್ನು, ಕರೆತಂದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂದಿತ್ತು. ಬರೆಯುವವರೇ ಉತ್ತರ ಹೇಳಿಬಿಡಬಾರದು ಅನ್ನುವುದು ಅದರ ಕಾರಣ. ಬಿ.ಎ. ಪರೀಕ್ಷೆಗೆ ಇತಿಹಾಸದ ಪ್ರೊಫೆಸರನ್ನು ಕೂರಿಸಲು ಆಗುವುದಿಲ್ಲ, ಅಲ್ವಾ? ಆದರೆ ನೀವು ಲಿಪಿಕಾರರನ್ನು ತಯಾರು ಮಾಡಬಹುದು. ನಿಮ್ಮ ಬಡಾವಣೆಯ ಪಿಯುಸಿ ಹುಡುಗ ಹುಡುಗಿಯರನ್ನು ಕರೆಯಿರಿ. ಹೇಳಿದ್ದನ್ನಷ್ಟೇ ಬರೆಯುವುದು, ಪ್ರಶ್ನೆಯನ್ನು ಎರಡು ಸಲ ನಿಧಾನವಾಗಿ ಓದುವುದು, ಇನ್ನೆಷ್ಟು ಸಮಯ ಇದೆ ಎಂದು ಆಗಾಗ ತಿಳಿಸುವುದು, ಇದಕ್ಕೆಲ್ಲ ಅಭ್ಯಾಸ ಬೇಕು. ಇಂಥ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದೂ ಅದೇ ಮಾರ್ಗಸೂಚಿಯಲ್ಲಿತ್ತು. ಇದು ಗೊತ್ತಿಲ್ಲದೆ ಮಕ್ಕಳು ಮೂರು ಗಂಟೆ ಮುಗಿದ ಕೂಡಲೇ ಎದ್ದು ಬರಬಾರದು. ಪರೀಕ್ಷೆಯಿಂದ ಪರೀಕ್ಷೆಗೆ ನಿಯಮ ಬದಲಾಗುತ್ತದೆ. ಅದಕ್ಕೇ ಹಾಲ್ ಟಿಕೆಟ್ ಬರುವ ಮೊದಲೇ ಯಾರಾದರೂ ಕಾಲೇಜಿಗೆ ಹೋಗಿ ವಿಚಾರಿಸಬೇಕು. ಆ ಓಡಾಟವನ್ನು ನಿಮ್ಮಂಥ ಹಿರಿಯರು ಮಾಡಿದರೆ ಕಚೇರಿಯಲ್ಲಿ ಬೇಗ ಉತ್ತರ ಸಿಗುತ್ತದೆ.

ಮನೆಯಲ್ಲೇ ಕುಳಿತು ಮಾಡುವ ಕೆಲಸವೂ ಇದೆ. ಕನ್ನಡ ಪಠ್ಯ, ನೋಟ್ಸು ಎಷ್ಟೋ ಇನ್ನೂ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನ ಓದುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಕಂಪ್ಯೂಟರ್ ಕನ್ನಡ ಎಂದೇ ಗುರುತಿಸುವ ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಕೆಟ್ಟಲ್ಲೆಲ್ಲ ತಿದ್ದಬೇಕು. ಶಾಸನದ ಸಾಲು, ರಾಜರ ಹೆಸರು ಬಂದಲ್ಲಿ ಸಾಮಾನ್ಯ ಬೆರಳಚ್ಚುಗಾರರಿಗೆ ಸರಿ ಯಾವುದು ತಪ್ಪು ಯಾವುದು ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುತ್ತದೆ. ಕಾಪಿರೈಟಿನ ಭಯವೂ ಬೇಡ. ಓದಲಾಗದವರಿಗಾಗಿ, ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಹೀಗೆ ಬದಲಾಯಿಸಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ನಮ್ಮ ದೇಶವೇ.

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ನಿವೃತ್ತ ಮೇಷ್ಟ್ರ ಸಮಾಜಸೇವೆ ಅಂದಾಗ ನಮಗೆಲ್ಲ ಮೊದಲು ನೆನಪಾಗುವುದು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಎಚ್ಚೆನ್ ಮದುವೆಯಾಗಲಿಲ್ಲ. ಸಂಜೆ ಔಷಧಿ ಕೊಡಬೇಕಾದ ಅತ್ತೆ, ಹೋಂವರ್ಕ್ ಮಾಡಿಸಬೇಕಾದ ಮೊಮ್ಮಗ ಅವರಿಗೆ ಇರಲಿಲ್ಲ. ಅವರ ಬದುಕನ್ನು ಅಳತೆಗೋಲು ಮಾಡಿಕೊಂಡರೆ ಸಂಸಾರಸ್ಥರ ಸೇವೆ ಯಾವಾಗಲೂ ಕಡಿಮೆಯೇ ಅನಿಸುತ್ತದೆ. ಸಂಸಾರದಲ್ಲಿದ್ದೇ ದುಡಿದವರೂ ಇದ್ದಾರೆ. ಜಿ. ವೆಂಕಟಸುಬ್ಬಯ್ಯನವರು ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಅದಾದ ಮೇಲೂ ಬಹಳ ವರ್ಷ ದುಡಿದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ಆದರೂ ಒಂದು ವ್ಯತ್ಯಾಸ ಇದೆ, ಅದನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ ನಿವೃತ್ತರಾದ ಗಂಡಸು ಬರೆಯಲು ಕೂತರೆ ಮನೆಯವರೆಲ್ಲ ದನಿ ತಗ್ಗಿಸುತ್ತಾರೆ. ನಿವೃತ್ತರಾದ ಹೆಂಗಸು ಚಪ್ಪಲಿ ಮೆಟ್ಟಿದರೆ ಎಷ್ಟು ಹೊತ್ತಿಗೆ ವಾಪಸ್ ಎಂದು ಕೇಳುತ್ತಾರೆ. ಇದು ಸರಿಯಲ್ಲ. ನೀವು ಅತ್ತೆಯ ಸೇವೆಯನ್ನು ಪ್ರೀತಿಯಿಂದ ಮಾಡುತ್ತಿದ್ದೀರಿ, ಪತ್ರದ ಸಾಲು ಸಾಲಿನಲ್ಲೂ ಅದು ಕಾಣುತ್ತದೆ. ಅದಕ್ಕೇ ಹೇಳುತ್ತೇನೆ, ಆ ಎರಡು ಸಂಜೆಯನ್ನು ಬಿಡುವಿದ್ದಾಗ ಮಾಡುವ ಕೆಲಸ ಎಂದು ಇಟ್ಟುಕೊಳ್ಳಬೇಡಿ. ಕಾಲೇಜಿನ ಟೈಮ್‌ಟೇಬಲ್ಲಿನಲ್ಲಿ ನಿಮ್ಮ ಪೀರಿಯಡ್ ಇದ್ದಂತೆಯೇ ಇಡಿ. ನೆಂಟರು ಬಂದಿದ್ದಾರೆ ಎಂದು ನೀವು ಎಂದಾದರೂ ಎಂ.ಎ. ಕ್ಲಾಸು ಬಿಟ್ಟಿದ್ದಿರಾ? ಸಂಬಳ ನಿಂತಿದೆ, ಕಾಯುವ ವಿದ್ಯಾರ್ಥಿ ಇದ್ದಾಳೆ. ಮರುದಿನ ಪರೀಕ್ಷೆ ಇಟ್ಟುಕೊಂಡ ಹುಡುಗಿಗೆ "ನಾಳೆ ಹೋದರಾಯ್ತು" ಅನ್ನುವುದು ತುಂಬಾ ದುಬಾರಿ.

ಉಳಿದದ್ದು ನಿಮ್ಮ ಮಗ, ಸೊಸೆಗೆ. ಅವರೂ ನಮ್ಮ ಪತ್ರಿಕೆ ಓದುತ್ತಾರೆ ಎಂದು ಬರೆದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಸಂಜೆಯ ಹೊತ್ತಿಗೆ ಗಾಬರಿ, ಗೊಂದಲ ಜಾಸ್ತಿಯಾಗುವುದು ಸಾಮಾನ್ಯ. ಹುಡುಗಿಯರಿಗೆ ಹಗಲು ಕಾಲೇಜು, ಓದಿಸಿಕೊಳ್ಳಲು ಸಿಗುವುದೂ ಸಂಜೆಯೇ. ಆದ್ದರಿಂದ ವಾರಕ್ಕೆ ಒಂದು ಸಂಜೆ ಮಗ, ಒಂದು ಸಂಜೆ ಸೊಸೆ ಬೇಗ ಮನೆಗೆ ಬನ್ನಿ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ. ಟಿವಿ ಸದ್ದು ಕಡಿಮೆ ಮಾಡಿ. ಅಜ್ಜಿ "ನಮ್ಮನೆಗೆ ಹೋಗೋಣ" ಎಂದು ಹಠ ಹಿಡಿದರೆ ಇದೇ ನಿಮ್ಮನೆ ಎಂದು ವಾದಿಸಬೇಡಿ, ಆ ಮನೆ ಹೇಗಿತ್ತು ಎಂದು ಕೇಳಿ. ಸಲಹೆ ಬೇಕೆನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ. ಮೊದಲ ಒಂದೆರಡು ವಾರ ಕಷ್ಟ ಆಗಬಹುದು. ಆದರೂ ಆ ಹೊತ್ತಿನಲ್ಲಿ ಅಮ್ಮನಿಗೆ ಫೋನ್ ಮಾಡಬೇಡಿ.

— ಸಂಪಾದಕ