ಅಮ್ಮನ ಪರವಾಗಿ ಆಸ್ಪತ್ರೆಯ ಫಾರ್ಮ್ ನಾನೇ ತುಂಬಬಹುದೇ?

ಅಮ್ಮನ ಅಪಾಯಿಂಟ್‌ಮೆಂಟ್‌ಗೆ ಇನ್ನು ಎರಡೇ ದಿನ, ಮೊಬೈಲಿಗೆ ಉದ್ದನೆಯ ಪ್ರಶ್ನೆಗಳ ಲಿಂಕ್ ಬಂದಿದೆ, ಆಫೀಸಿನಿಂದಲೇ ನಾನು ತುಂಬಿ ಕಳಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಆಫೀಸಿನಿಂದ ಬೇಡ. ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕದಲ್ಲಿ ಕೂತು ತುಂಬಿ. ಮಾತ್ರೆಯ ಡಬ್ಬಿ ಎದುರಿಗಿರಲಿ.

ನಾನು ಇದನ್ನು ಕಲಿತದ್ದು ಅಪ್ಪನ ಹರ್ನಿಯಾ ಆಪರೇಷನ್ ಸಮಯದಲ್ಲಿ. ಅಪ್ಪನ ವಿಷಯ ನನಗೆ ಗೊತ್ತಿಲ್ಲದ್ದೇನಿದೆ ಎಂದು ಬಸ್ಸಿನಲ್ಲಿ ಕೂತು ಐದು ನಿಮಿಷದಲ್ಲಿ ಫಾರ್ಮ್ ಮುಗಿಸಿದ್ದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಾ? ಇಲ್ಲ ಎಂದು ಒತ್ತಿದೆ. ಅಪ್ಪ ರಾತ್ರಿ ನುಂಗುತ್ತಿದ್ದ ಒಂದು ಕ್ಯಾಪ್ಸೂಲನ್ನು ಮನೆಯಲ್ಲಿ ಎಲ್ಲರೂ ‘ಹಾರ್ಟಿನ ಮಾತ್ರೆ’ ಎನ್ನುತ್ತಿದ್ದೆವು. ಅದರಲ್ಲಿದ್ದದ್ದು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್, ಎರಡೂ ರಕ್ತ ತೆಳುವಾಗಿಸುವ ಔಷಧಿಗಳೇ. ಕ್ಲೊಪಿಡೋಗ್ರೆಲ್ ಬಿಟ್ಟ ಮೇಲೂ ಅದರ ಪ್ರಭಾವ ಇಳಿಯಲು 5ರಿಂದ 7 ದಿನ ಬೇಕು. ಅಡ್ಮಿಟ್ ಆದ ಬೆಳಿಗ್ಗೆ ಅರಿವಳಿಕೆ ಡಾಕ್ಟರು ಹಳೆಯ ಚೀಟಿ ನೋಡಿ ಹಿಡಿದರು, ಆಪರೇಷನ್ ಮುಂದಕ್ಕೆ ಹೋಯಿತು. ಅವರು ನೋಡದೇ ಹೋಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. (ಹಾಗೆಂದು ಇಂಥ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸುವುದು ಜೀವಕ್ಕೇ ಅಪಾಯ.)

ಆದ್ದರಿಂದ ಮಾತ್ರೆಯ ಹೆಸರನ್ನು ಸ್ಟ್ರಿಪ್ ನೋಡಿಯೇ ಬರೆಯಿರಿ. ಮೆಡಿಕಲ್ ಶಾಪಿನಿಂದ ತಂದ ಮಂಡಿನೋವಿನ ಗುಳಿಗೆ, ಕಷಾಯ, ನಾಟಿ ಔಷಧಿಯನ್ನೂ ಕೇಳಿ ಸೇರಿಸಿ. ನಮ್ಮ ಹಿರಿಯರು ಅವನ್ನೆಲ್ಲ ಔಷಧಿಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮ್ಮ ‘ಸಂಕಟ ಆಗ್ತದೆ’ ಅಂದರೆ ವಾಂತಿ ಬಂದ ಹಾಗೋ, ಎದೆ ಹಿಡಿದ ಹಾಗೋ ಎಂದು ನೀವು ಊಹಿಸಬೇಡಿ. ಅವರ ಮಾತನ್ನೇ ಕನ್ನಡದಲ್ಲಿ ಹಾಗೇ ಬರೆಯಿರಿ, ಡಾಕ್ಟರು ಬಿಡಿಸಿ ಕೇಳುತ್ತಾರೆ.

ಕೆಲವು ಪ್ರಶ್ನೆ ಬಂದಾಗ ಮಾತ್ರ ಫೋನ್ ಅವರ ಕೈಗೆ ಕೊಟ್ಟು ಎದ್ದು ಹೋಗಬೇಕು. ಮೂತ್ರ ತಡೆಯಲಾಗದಿರುವುದು, ಮುಟ್ಟು, ಮನಸ್ಸಿನ ಬೇಸರ, ಇವನ್ನು ಮಕ್ಕಳೆದುರು ಯಾರು ಹೇಳುತ್ತಾರೆ? ಅಕ್ಷರ ದೊಡ್ಡದು ಮಾಡಿಕೊಡಿ. ಅಷ್ಟಾದರೂ ಓದಲಾಗದಿದ್ದರೆ ಆ ಭಾಗವನ್ನು ಖಾಲಿ ಬಿಟ್ಟು, ಡಾಕ್ಟರ ಹತ್ತಿರ ಅಮ್ಮ ಒಬ್ಬರೇ ಮಾತಾಡಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಾರ್ನರ್ ಸ್ಲ್ಯಾಕ್ ಎಂಬ ವೈದ್ಯರು ಕಂಪ್ಯೂಟರಿನಿಂದ ರೋಗಿಗಳನ್ನು ಪ್ರಶ್ನಿಸಿ 1966ರಲ್ಲೇ ವರದಿ ಬರೆದಿದ್ದರು. ಮುಖ ನೋಡಿ ಹೇಳಲಾಗದ್ದನ್ನು ಜನ ಪರದೆಗೆ ಹೇಳುತ್ತಾರೆ ಎಂಬುದು ಆಮೇಲೆ ಮತ್ತೆ ಮತ್ತೆ ಕಂಡುಬಂದ ಸಂಗತಿ.

ಅನೇಕ ಫಾರ್ಮ್‌ಗಳಲ್ಲಿ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳೂ ಇರುತ್ತವೆ, ಕಳೆದ ಎರಡು ವಾರ ಮನಸ್ಸು ಹೇಗಿತ್ತು ಎಂದು. ಕೊನೆಯದು ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಏನನ್ನು ಒತ್ತಿದರೂ ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಯಾರಾದರೂ ನೋಡುತ್ತಿರುತ್ತಾರೆ ಎಂದು ನಂಬಿಕೊಳ್ಳುವಂತಿಲ್ಲ. ಅಮ್ಮ ಇತ್ತೀಚೆಗೆ ತೀರಾ ಮೌನವಾಗಿದ್ದರೆ ನೀವೇ ನೇರವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದೆನೋವೂ ಹಾಗೆಯೇ: ಫಾರ್ಮಿನಲ್ಲಿ ಬರೆದು ಎರಡು ದಿನ ಕಾಯಬೇಡಿ, 108ಕ್ಕೆ ಕರೆ ಮಾಡಿ.